ಇಲ್ಲ ಅನ್ನುವ ಖಾನಾವಳಿ

ಮಾಂಸದಡುಗೆಯ ಬಗ್ಗೆ ಮಾತಾಡಲು ನನಗಿಂತ ಅಯೋಗ್ಯ ಮನುಷ್ಯ ಮಿರಜಿನಲ್ಲಿ ಸಿಗಲಿಕ್ಕಿಲ್ಲ. ನಾನು ಜಿನಪ್ಪ, ಹುಟ್ಟಿನಿಂದ ಜೈನ, ಕಸುಬಿನಿಂದ ಸೈಕಲ್ ರಿಪೇರಿಯವ. ಉಳ್ಳಾಗಡ್ಡಿಯನ್ನು ಕೂಡ ಹೊಸ್ತಿಲು ದಾಟಗೊಡದ ಮನೆ ನಮ್ಮದು. ಹೊತ್ತು ಮುಳುಗಿತೆಂದರೆ ಒಲೆಗೂ ರಜೆ, ಬಾಯಿಗೂ ರಜೆ. ಇಂಥವನ ಅಂಗಡಿಯ ಎದುರಿಗೇ ತಂಗೆವ್ವ ಖಾನಾವಳಿ ತೆಗೆದಳು. ಮೊದಮೊದಲು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಆಮೇಲೆ ರೂಢಿಯಾಯಿತು. ಇಷ್ಟು ವರ್ಷಗಳಲ್ಲಿ ಅವಳ ಕೈಯ ಒಂದು ತುತ್ತನ್ನೂ ನಾನು ತಿಂದವನಲ್ಲ. ಆದರೂ ಅವಳ ಅಡುಗೆಯ ಬಗ್ಗೆ ನನಗೆ ಗೊತ್ತಿರುವಷ್ಟು ತಿಂದವರಿಗೂ ಗೊತ್ತಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತೇನೆ.

ತಂಗೆವ್ವ ಲಿಂಗನೂರಿನ ಕುರಿಗಾರರ ಮನೆಯ ಮಗಳು. ಅವಳ ಅಣ್ಣ ಜ್ಯೋತೆಪ್ಪ ಅಲ್ಲೇ ಹಿಂಡು ಇಟ್ಟುಕೊಂಡಿದ್ದ. ಗಂಡ ಅಮಸಿದ್ದ ಕಂಬಳಿ ನೇಯುವವ. ಆಗ ನಮ್ಮ ಕಡೆ ಎಲ್ಲದಕ್ಕೂ ಸೊಸೈಟಿ ಹುಟ್ಟಿದ ಕಾಲ. ಹಾಲಿಗೆ ಸೊಸೈಟಿ, ಕಬ್ಬಿಗೆ ಸೊಸೈಟಿ, ನೂಲಿಗೆ, ದ್ರಾಕ್ಷಿಗೆ, ಕಡೆಗೆ ಉಣ್ಣೆಗೂ ಒಂದು. ಚುನಾವಣೆ ಬಂತೆಂದರೆ ಕುರಿಗಾರನ ಗುಡಿಸಲಿನ ಮುಂದೆಯೂ ಜೀಪು ನಿಲ್ಲುತ್ತಿತ್ತು. ಅಮಸಿದ್ದ ಉಣ್ಣೆ ಸೊಸೈಟಿಯ ಮಗ್ಗದಲ್ಲಿ ಕೂರಲೆಂದು ಹೆಂಡತಿಯನ್ನು ಕರೆದುಕೊಂಡು ಮಿರಜಿಗೆ ಬಂದ. ಸ್ವಲ್ಪ ದಿನಕ್ಕೇ ಚೇರ್ಮನ್ನರ ಜಗಳದಲ್ಲಿ ಮಗ್ಗಗಳು ನಿಂತವು. ಎಲ್ಲರದೂ ಅಂದರೆ ಯಾರದೂ ಅಲ್ಲ ಅನ್ನುವುದು ನನ್ನ ಅಭಿಪ್ರಾಯ, ಯಾರೂ ಕೇಳಿಲ್ಲ. ಮಗ್ಗ ನಿಂತ ಮೇಲೆ ತಂಗೆವ್ವ ಒಲೆ ಹಚ್ಚಿದಳು. ದೊಡ್ಡ ಆಸ್ಪತ್ರೆ ಹತ್ತಿರವೇ ಇತ್ತು. ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ರೋಗಿಗಳ ಜೊತೆ ಬಂದವರು, ಕುಪವಾಡ ಎಂಐಡಿಸಿಯ ಕಾರ್ಖಾನೆಗಳಿಗೆ ಹೋಗಿಬರುವ ಕೆಲಸಗಾರರು, ಇವರೇ ಅವಳ ಗಿರಾಕಿಗಳು.

ವ್ಯಾಪಾರಕ್ಕೆ ಬೇಕಾದ ಒಂದು ಗುಣ ಮಾತ್ರ ಅವಳಲ್ಲಿ ಇರಲಿಲ್ಲ. ಗಿರಾಕಿ ಕೇಳಿದ್ದಕ್ಕೆ ಹೂಂ ಅನ್ನಲು ಬರುತ್ತಿರಲಿಲ್ಲ. ಕುರಿ ಮುದಿಯದಾಗಿದ್ದರೆ, ಇವತ್ತಿನದು ಅಗಿಯಲಿಕ್ಕೆ ಬರೂದಿಲ್ಲ, ಕಾಳಪಲ್ಲೆ ಉಂಡು ಹೋಗ್ರಿ ಅನ್ನುವಳು. ರೊಟ್ಟಿ ಬೆಳಗಿನದೇ ಎಂದು ಯಾರಾದರೂ ಕೇಳಿದರೆ, ಇಲ್ಲ, ನಿನ್ನಿದು ಅನ್ನುವಳು. ನನ್ನ ಹೆಂಡತಿ ಪದ್ಮವ್ವ ಇದನ್ನು ನೋಡಿ ನೋಡಿ, ಈಕೆ ಅಂಗಡಿ ನಡೆಸುತ್ತಾಳೋ, ದೇವರ ಮುಂದೆ ಪ್ರಮಾಣ ಮಾಡುತ್ತಾಳೋ ಎಂದು ನಗುತ್ತಿದ್ದಳು.

ಅವಳ ಒಂದು ದುಃಖವನ್ನೂ ಇಲ್ಲೇ ಹೇಳಿಬಿಡಬೇಕು. ತಂಗೆವ್ವನಿಗೆ ಕೃಷ್ಣವ್ವ ಎಂಬ ಮಗಳಿದ್ದಳು. ಜ್ವರ ಬಂದು ಇಳಿಯದಾದಾಗ ತಂಗೆವ್ವ ಲಿಂಗನೂರಿನ ಬೀರದೇವರಿಗೆ ಕುರಿ ಹರಕೆ ಹೊತ್ತಳು. ಹರಕೆಯ ಕುರಿ ಬಿದ್ದ ಮೇಲೆ, ಯಾರ ಹೆಸರಿನಲ್ಲಿ ಹೊತ್ತಿದ್ದೋ ಅವರ ಹೊಟ್ಟೆಗೆ ಅದರ ಪಾಲು ಹೋಗಬೇಕು. ಅದು ಅವರ ಪದ್ಧತಿ. ಕೃಷ್ಣವ್ವನಿಗೆ ನುಂಗಲು ಆಗಲಿಲ್ಲ. ತುಟಿಗೆ ಹಚ್ಚಿದ ಸಾರು ಗಲ್ಲದ ಮೇಲೆ ಹರಿದುಹೋಯಿತು. ಮರುದಿನ ಮಗು ಹೋಯಿತು. ಜ್ವರದಿಂದ ಹೋಯಿತೆಂದು ಡಾಕ್ಟರು ಹೇಳಿದರು. ಪಾಲು ಹೊಟ್ಟೆಗೆ ಹೋಗಲಿಲ್ಲ, ಅದಕ್ಕೇ ಹೋಯಿತೆಂದು ತಂಗೆವ್ವ ನಂಬಿದಳು. ನಂಬಿದವಳ ಮುಂದೆ ವಾದ ಮಾಡಲು ನಾನು ಯಾರು?

ಆ ಸೋಮಾಲಿ ಹುಡುಗ ಬಂದದ್ದು ಒಂದು ಚಳಿಗಾಲದ ಕೊನೆಗೆ. ಬಂದದ್ದು ಅವಳ ಖಾನಾವಳಿಗಲ್ಲ, ನನ್ನ ಅಂಗಡಿಗೆ. ಆಗ ನಾನು ಬಾಡಿಗೆಗೂ ಸೈಕಲ್ ಕೊಡುತ್ತಿದ್ದೆ. ಎತ್ತರದ, ಕಡ್ಡಿಯಂಥ ಹುಡುಗ. ಹೆಸರು ಅಬ್ದಿ. ಪುಣೆಯಲ್ಲಿ ಕಾಲೇಜು ಓದುತ್ತಿದ್ದ, ಹಿಂದಿ ಚೆನ್ನಾಗಿ ಆಡುತ್ತಿದ್ದ, ಹೆಂಗಸರನ್ನೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯಲು ಪುಣೆಯಲ್ಲೇ ಕಲಿತಿದ್ದ. ಅವನ ದೇಶ ಎಲ್ಲಿ ಎಂದು ಕೇಳಿದೆ. ನಮ್ಮ ರತ್ನಾಗಿರಿಯ ಸಮುದ್ರ ಇದೆಯಲ್ಲ, ಅದನ್ನು ದಾಟಿದರೆ ಆಚೆ ದಡ ಎಂದ. ಅಷ್ಟು ಸುಲಭವಾಗಿ ಹೇಳಿದ, ನದಿಯಾಚೆಯ ಊರಿನವನು ಹೇಳಿದ ಹಾಗೆ.

ಅವನ ತಂದೆ ವರ್ಸಮೆ ಆಸ್ಪತ್ರೆಯಲ್ಲಿದ್ದ. ಕಿಡ್ನಿಯಲ್ಲಿ ದೊಡ್ಡ ಕಲ್ಲು. ಒಂಟೆ, ಕುರಿ, ಮೇಕೆ ಕಾಯ್ದು ಬದುಕಿದ ಮುದುಕ, ಹುಟ್ಟಿದಂದಿನಿಂದ ಬಯಲು ಬಿಟ್ಟು ಬಂದವನಲ್ಲ. ಮೈಯಲ್ಲಿ ರಕ್ತವೇ ಇಲ್ಲ, ಉಂಡು ರಕ್ತ ಬರಲಿ, ಆಮೇಲೆ ಆಪರೇಶನ್ ಎಂದು ಡಾಕ್ಟರು ಹೇಳಿದ್ದರು. ಮುದುಕ ಉಣ್ಣುತ್ತಿರಲಿಲ್ಲ. ಆಸ್ಪತ್ರೆಯ ಸಾರು ಬಾಯಿಗೆ ಹೋದರೆ ಕಣ್ಣಲ್ಲಿ ನೀರು, ಕೆಮ್ಮು, ವಾಂತಿ. ನಮ್ಮ ಖಾರದ ಪುಡಿಗೆ ನಾವು ಹುಟ್ಟಿನಿಂದ ಒಗ್ಗಿಕೊಂಡವರು, ಅದು ಬೆಂಕಿ ಎಂಬುದೇ ನಮಗೆ ಮರೆತಿದೆ. ಹಾಲು, ಬಾಳೆಹಣ್ಣು, ಖರ್ಜೂರ ಇಷ್ಟರ ಮೇಲೆ ಆ ದೊಡ್ಡ ಮೈ ನಿಂತಿತ್ತು, ದಿನದಿನಕ್ಕೆ ಸೊರಗುತ್ತಿತ್ತು.

ಅಬ್ದಿಗೆ ತಮ್ಮ ದೇಶದ ಊಟ ಸಿಗುವ ಹೋಟೆಲು ಬೇಕಿತ್ತು. ಸಾಂಗಲಿ, ಮಿರಜ, ಕುಪವಾಡ ಮೂರೂ ಕೂಡಿದರೆ ದೊಡ್ಡ ಪಟ್ಟಣವೇ ಆಗುತ್ತದೆ, ಎಲ್ಲಾದರೂ ಒಂದು ಇರಲೇಬೇಕು ಎಂದು ಅವನ ಲೆಕ್ಕ. ಪುಣೆಯಲ್ಲಿ ಅವನ ಕಡೆಯ ಹುಡುಗರು ಕೂಡಿ ಬೇಯಿಸಿಕೊಳ್ಳುತ್ತಿದ್ದರಂತೆ. ಇಲ್ಲಿ ಲಾಜಿನ ಕೋಣೆಯಲ್ಲಿ ಸ್ಟವ್ ಹಚ್ಚಿದರೆ ಮಾಲೀಕ ಹೊರಗೆ ಹಾಕುವೆ ಎಂದಿದ್ದ. ಹಾಗಾಗಿ ದಿನಾ ಬೆಳಗ್ಗೆ ನನ್ನ ಸೈಕಲ್ ಹತ್ತಿ ಹುಡುಕಲು ಹೋಗುವನು, ಸಂಜೆ ಬಾಡಿದ ಮುಖದಿಂದ ಬಂದು ಸೈಕಲ್ ಒರಗಿಸುವನು.

ಅವನು ಹೇಳುತ್ತಿದ್ದ ಹುಡುಕಾಟದ ಕತೆ ಕೇಳಿದರೆ ನಗು ಬರುತ್ತಿತ್ತು, ಆಮೇಲೆ ಸಿಟ್ಟು. ದರ್ಗಾದ ಸುತ್ತ ಒಳ್ಳೊಳ್ಳೆಯ ಹೋಟೆಲುಗಳಿವೆ. ಸೋಮಾಲಿ ಊಟ ಇದೆಯೇ ಎಂದು ಇವನು ಕೇಳುವುದು. ಇದೆ ಇದೆ, ಕೂಡಿ ಎಂದು ಅವರು ಅನ್ನುವುದು. ಎದುರಿಗೆ ಬರುವುದು ಅದೇ ಕೆಂಪು ಖಾರದ ಸಾರು, ರಸ್ಸಾ. ಸಾಂಗಲಿಯಲ್ಲಿ ಒಬ್ಬ ಮಹಾಶಯ ಖಾರ ಹಾಕುವುದೇ ಇಲ್ಲ ಎಂದು ಮಾತು ಕೊಟ್ಟು, ಅದೇ ರಸ್ಸಾಕ್ಕೆ ಮೊಸರು ಕಲಸಿ ಕೊಟ್ಟಿದ್ದ. ಕುಪವಾಡದ ರಸ್ತೆಯ ಧಾಬಾದವನಂತೂ ಅದು ಯಾವ ದೇಶ ಎಂದೂ ಕೇಳದೆ, ನಮ್ಮಲ್ಲಿ ಅದೇ ಸ್ಪೆಷಲ್ ಎಂದಿದ್ದ. ನಮ್ಮ ಜನರಿಗೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಪ್ರೀತಿ ಇದೆ, ನಿಜ. ಆದರೆ ಅಲ್ಲೊಬ್ಬ ಮುದುಕ ಒಣಗುತ್ತಿರುವಾಗ ಆ ಪ್ರೀತಿ ಯಾವ ಕೆಲಸಕ್ಕೆ ಬರುತ್ತದೆ?

ಒಂದು ಸಂಜೆ ಅಬ್ದಿ ಸೈಕಲ್ ಒರಗಿಸಿ ಕಟ್ಟೆಯ ಮೇಲೆ ಕುಳಿತವನು ಏಳಲೇ ಇಲ್ಲ. ನಾನು ಎದುರಿನ ಖಾನಾವಳಿ ತೋರಿಸಿದೆ. ಮೂಗಿನ ನೆರೆಯವನಾಗಿ ಶಿಫಾರಸು ಮಾಡುವ ಅಧಿಕಾರ ನನಗಿತ್ತು. ಜೊತೆಗೆ ನಾನೇ ಹೋದೆ, ಏಕೆಂದರೆ ತಂಗೆವ್ವನ ಹಿಂದಿಯೂ ಅವನ ಹಿಂದಿಯೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಸೋಮಾಲಿ ಊಟ ಇದೆಯೇ ಎಂದು ಅವನು ಎಂದಿನಂತೆ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ.

"ಇಲ್ಲ," ಅಂದಳು ತಂಗೆವ್ವ. "ಅದೇನಂತ ನನಗ ಗೊತ್ತ ಇಲ್ಲ. ಕುಂದರಾಕ ಹೇಳ್ರಿ, ಹ್ಯಾಂಗ ಮಾಡ್ತಾರ ಕೇಳೂಣು."

ಅಬ್ದಿ ನನ್ನ ಮುಖ ನೋಡಿದ. ಅಷ್ಟು ದಿನಗಳಲ್ಲಿ ಅವನು ಕೇಳಿದ ಮೊದಲ ಇಲ್ಲ ಅದು. ಕುಳಿತುಕೊಂಡ. ಮಾಂಸವನ್ನು ಬರೀ ಉಪ್ಪು ಹಾಕಿ ಮೆತ್ತಗೆ ಬೇಯಿಸುವುದು, ಆ ನೀರಿನಲ್ಲಿಯೇ ಅನ್ನ, ಪಕ್ಕಕ್ಕೆ ಬಾಳೆಹಣ್ಣು. ಬೆಳಗ್ಗೆ ಹುಳಿಬರಿಸಿದ ಜೋಳದ ಹಿಟ್ಟಿನಿಂದ ಒಂದೇ ಮಗ್ಗುಲು ಬೇಯಿಸಿದ ಮೆತ್ತನೆಯ ದೋಸೆ, ಮೇಲೆ ತುಪ್ಪ. ಕುಡಿಯಲು ಒಂಟೆಯ ಹಾಲು. ಅವನು ಹೇಳುತ್ತ ಹೋದಂತೆ ತಂಗೆವ್ವನ ಮುಖ ಅರಳುತ್ತ ಹೋಯಿತು. ಇದರಲ್ಲಿ ಹೊಸದೇನಿದೆ ಎಂದು ನನ್ನನ್ನು ಕೇಳಿದಳು. ಖಾರ ಹಾಕುವ ಮೊದಲು ತೆಗೆದಿಡುವ ಸಾರಿಗೆ ನಮ್ಮಲ್ಲಿ ಅಳಣಿ ಅನ್ನುತ್ತಾರೆ, ಅದು ಮಕ್ಕಳಿಗೆ, ಬಾಣಂತಿಯರಿಗೆ. ಕುರಿಯ ಹಿಂದೆ ಅಡವಿಗೆ ಹೋದ ಗಂಡಸರು ಮಾಂಸ ಬೇಯಿಸುವುದೂ ಹಾಗೆಯೇ, ಉಪ್ಪು ಒಂದರಲ್ಲಿ. ಒಂಟೆ ಎಲ್ಲಿಂದ ತರಲಿ, ಅಣ್ಣನ ಹಿಂಡಿನ ಕುರಿಹಾಲು ತರಿಸುತ್ತೇನೆ ಎಂದಳು. ಅನ್ನಕ್ಕೆ ಬಾಳೆಹಣ್ಣು ಮಾತ್ರ ಅವಳಿಗೆ ಒಗಟಾಯಿತು. ಆದರೂ ತೊಟ್ಟು ಸಹಿತ ಕಟ್ಟಿ ಕೊಟ್ಟಳು.

ಮೊದಲ ದಿನ ತಂಗೆವ್ವನೂ ನಾನೂ ಅಬ್ದಿಯ ಜೊತೆ ಆಸ್ಪತ್ರೆಗೆ ಹೋದೆವು. ಮುದುಕ ಡಬ್ಬಿಯ ಮುಚ್ಚಳ ತೆಗೆದು, ಊಟ ಮುಟ್ಟದೆ, ಒಂದು ಪ್ರಶ್ನೆ ಕೇಳಿದ. ಕೊಯ್ದವರು ಯಾರು? ಇದಕ್ಕೆ ತಂಗೆವ್ವನ ಬಳಿ ಗಟ್ಟಿ ಉತ್ತರವಿತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಹಿಂದೂಗಳ ಮನೆಯ ಕುರಿಯನ್ನೂ ಮುಲ್ಲಾನೇ ಕೊಯ್ಯಬೇಕು. ಅದು ಅವನ ಮನೆತನದ ಹಕ್ಕು. ಅವನ ಬಾಯಿಯ ಮಂತ್ರವಿಲ್ಲದೆ ಬಿದ್ದ ಕುರಿ ಕುರಿಗಾರರಿಗೆ ಸತ್ತ ಕುರಿಯೇ. ಲಿಂಗನೂರಿನ ಬಾಬಾಲಾಲ ಮುಲ್ಲಾನೇ ತಂಗೆವ್ವನ ಖಾನಾವಳಿಗೂ ಬಂದು ಕೊಯ್ದು ಹೋಗುತ್ತಿದ್ದ. ಮುಲ್ಲಾ ಕೊಯ್ದಾನ ಎಂದು ತಂಗೆವ್ವ ಹೇಳಿದಳು. ನಾನು ಅಬ್ದಿಗೆ, ಅಬ್ದಿ ತಂದೆಗೆ ಹೇಳಿದ. ಮುದುಕ ದೇವರ ಹೆಸರು ಹೇಳಿ ಕೈ ಇಟ್ಟ. ಕುರಿಹಾಲು ಕುಡಿದವನು ಲೋಟದ ತಳ ನೋಡಿದ, ತಂಗೆವ್ವನನ್ನು ನೋಡಿದ, ನಕ್ಕ. ಹಲ್ಲು ಬಹಳ ಇರಲಿಲ್ಲ.

ಅಲ್ಲಿಂದ ದಿನಾ ಡಬ್ಬಿ ಹೋಯಿತು, ನಾನೂ ಸೈಕಲ್ ಮೇಲೆ ಹೋದೆ. ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಇಬ್ಬರೂ ಕುರಿಯವರು, ಭಾಷೆ ಇಲ್ಲದೆಯೂ ಅವರ ಮಾತು ನಡೆಯುತ್ತಿತ್ತು. ತೋಳ, ಹುಳಬಾಧೆ, ಕಳ್ಳರು ಎಲ್ಲ ಎರಡೂ ದಡದಲ್ಲಿ ಒಂದೇ. ಅವಳು ಅವನನ್ನು ಅಜ್ಜ ಅನ್ನುವ ಹಾಗೆ ಮುತ್ಯಾ ಎಂದು ಕರೆಯತೊಡಗಿದಳು. ಅವನು ಅವಳನ್ನು ಇಲ್ಲ ಎಂದು ಕರೆಯತೊಡಗಿದ. ಇವತ್ತು ದೋಸೆ ಸರಿ ಬಂದಿಲ್ಲ, ಹಾಲು ಸಿಕ್ಕಿಲ್ಲ ಎಂದು ಅವಳು ಬಂದ ಕೂಡಲೇ ಹೇಳುತ್ತಿದ್ದ ಮೊದಲ ಮಾತೇ ಅದು, ಅವನಿಗೆ ಕನ್ನಡದಲ್ಲಿ ತಿಳಿದ ಮೊದಲ ಶಬ್ದವೂ ಅದೇ.

ಈ ನಡುವೆ, ನಮಗಾರಿಗೂ ಹೇಳದೆ, ತಂಗೆವ್ವ ಬೀರದೇವರಿಗೆ ಹರಕೆ ಹೊತ್ತುಬಿಟ್ಟಿದ್ದಳು. ಮುತ್ಯಾನ ಮೈಗೆ ರಕ್ತ ಬಂದು ಆಪರೇಶನ್ನಿಗೆ ದಿನ ಗೊತ್ತಾದರೆ ಒಂದು ಟಗರು ಬಿಡುತ್ತೇನೆ ಎಂದು. ಕೃಷ್ಣವ್ವ ಹೋದ ಮೇಲೆ ಅವಳು ಯಾರಿಗಾಗಿಯೂ ಹರಕೆ ಹೊತ್ತಿರಲಿಲ್ಲ. ಡಾಕ್ಟರು ರಕ್ತ ನೋಡಿ, ಇನ್ನು ತಡಮಾಡುವುದು ಬೇಡ, ಬರುವ ವಾರ ಮಾಡೋಣ ಎಂದಾಗ ನಾವೆಲ್ಲ ಪೇಢೆ ತಿಂದೆವು. ಅವಳು ಲಿಂಗನೂರಿನ ಬಸ್ಸು ಹತ್ತಿದಳು. ದೇವರ ಮುಂದೆ ಟಗರಿಗೆ ಅರಿಶಿನದ ಭಂಡಾರ ಹಚ್ಚಿದರು, ಬಾಬಾಲಾಲನೇ ಕೊಯ್ದ. ದೇವರ ಟಗರನ್ನು ಕೊಯ್ಯುವ ಹಕ್ಕೂ ಅವನ ಮನೆತನದ್ದೇ. ತಂಗೆವ್ವ ಪಾಲು ತೆಗೆದುಕೊಂಡು, ಅಲ್ಲೇ ಉಪ್ಪು ಹಾಕಿ ಬೇಯಿಸಿ, ಡಬ್ಬಿ ಕಟ್ಟಿಕೊಂಡು ಹೊರಟಳು. ಮುಲ್ಲಾನೂ ಅದೇ ಬಸ್ಸಿನಲ್ಲಿ ಮಿರಜಿಗೆ ಬಂದ.

ಬಸ್ಸಿನಲ್ಲಿ ಅವನು ಪಾಲು ಯಾರಿಗೆ ಎಂದು ಕೇಳಿದನಂತೆ. ಇವಳು ಸಂಭ್ರಮದಿಂದ ಹೇಳಿದಳು. ಅವನು ಅವಳ ಮಡಿಲಲ್ಲಿದ್ದ ಡಬ್ಬಿ ನೋಡಿದ. ಆಮೇಲೆ, ಬೇರೆ ದೇವರಿಗೆ ಬಿಟ್ಟದ್ದನ್ನು ಆ ಮುದುಕ ತಿನ್ನುವುದಿಲ್ಲ ತಂಗೆವ್ವಾ, ಎಂದ. ನೀ ತಿನ್ನೂದಿಲ್ಲೇನು ಎಂದು ಇವಳು ಕೇಳಿದಳು. ನಾವು ತಿಂದುಕೊಂಡು ಬಂದಿದ್ದೇವೆ, ನಮ್ಮಪ್ಪನೂ ತಿಂದ, ಅಜ್ಜನೂ ತಿಂದ, ಊರಿನ ಪದ್ಧತಿ, ಆದರೆ ಅವರ ಧರ್ಮ ನಮ್ಮ ಹಾಗೆ ಊರಿನ ಜೊತೆ ಕೂಡಿ ಬೆಳೆದದ್ದಲ್ಲ, ಎಂದ. ಅವನು ಒಳ್ಳೆಯವ. ಇವಳ ಮುಖ ನೋಡಿ ಒಂದು ದಾರಿಯನ್ನೂ ತೋರಿಸಿದ. ಕೇಳಿದರೆ ಮುಲ್ಲಾ ಕೊಯ್ದಾನ ಎಂದಷ್ಟೇ ಹೇಳು, ಅದು ಸುಳ್ಳೇನೂ ಅಲ್ಲ.

ಬಸ್ಸಿಳಿದವಳು ನೇರ ನನ್ನ ಅಂಗಡಿಗೆ ಬಂದಳು. ಎಲ್ಲ ಹೇಳಿದಳು. ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತಿದ್ದಳು, ಅದು ಇನ್ನೂ ಬಿಸಿಯಿತ್ತು. ಪಾಲು ಮುತ್ಯಾನ ಹೊಟ್ಟೆಗೆ ಹೋಗದಿದ್ದರೆ ಅವನೂ ಕೃಷ್ಣವ್ವನ ಹಾದಿ ಹಿಡಿಯುತ್ತಾನೆ. ಹೋದರೆ ಅವನ ಧರ್ಮ ಕೆಡುತ್ತದೆ. ಏನು ಮಾಡಲಿ ಎಂದು ಕೇಳಿದಳು. ಯಾರಾದರೂ ನನಗೆ ತಿಳಿಯದಂತೆ ನನ್ನ ತಟ್ಟೆಯಲ್ಲಿ ಮಾಂಸದ ಸಾರು ಬೆರೆಸಿದರೆ, ಅದು ನನ್ನ ಪ್ರಾಣ ಉಳಿಸಲಿಕ್ಕೇ ಆಗಿದ್ದರೂ, ಅವರನ್ನು ನಾನು ಕ್ಷಮಿಸುತ್ತಿರಲಿಲ್ಲ. ಅದನ್ನು ಹೇಳಲೋ ಬೇಡವೋ ಎಂದು ತಿಳಿಯಲಿಲ್ಲ. ಅವಳ ಮಗಳ ಗಲ್ಲದ ಮೇಲೆ ಹರಿದ ಸಾರು ನನಗೂ ಗೊತ್ತಿತ್ತು. ನಡಿ, ಹೋಗೋಣ ಎಂದಷ್ಟೇ ಅಂದೆ.

ಮುದುಕ ಗೋಡೆಗೆ ದಿಂಬು ಇಟ್ಟುಕೊಂಡು ಕುಳಿತಿದ್ದ. ಗಲ್ಲಗಳು ತುಂಬಿಕೊಂಡಿದ್ದವು. ತಂಗೆವ್ವನನ್ನು ನೋಡಿ, ಇಲ್ಲ, ಇಲ್ಲ ಎಂದು ನಕ್ಕು ಕರೆದ. ಡಬ್ಬಿಯ ಮುಚ್ಚಳ ತೆಗೆದು ವಾಸನೆ ನೋಡಿ ಕಣ್ಣು ಮುಚ್ಚಿದ. ಆಮೇಲೆ ದಿನದ ಪ್ರಶ್ನೆ ಕೇಳಿದ. ಅಬ್ದಿ ತಿರುಗಿಸಿ ನನಗೆ ಹೇಳುವ ಅಗತ್ಯವೇ ಇರಲಿಲ್ಲ.

ತಂಗೆವ್ವ ನನ್ನ ಕಡೆ ತಿರುಗಿದಳು. "ಮುಲ್ಲಾನ ಕೊಯ್ದಾನ, ಖರೇ. ಆದ್ರ ನಮ್ಮ ಬೀರದೇವರ ಮುಂದ ಕೊಯ್ದಾನ. ಮುತ್ಯಾನ ಹೆಸರಿಲೆ ನಾ ಹರಕಿ ಹೊತ್ತಿದ್ದೆ. ಅಷ್ಟೂ ಹೇಳ್ರಿ, ಜಿನಪ್ಪಣ್ಣಾ. ಅರ್ಧಾ ಹೇಳಬ್ಯಾಡ್ರಿ."

ನಾನು ಅಷ್ಟನ್ನೂ ಹಿಂದಿಯಲ್ಲಿ ಅಬ್ದಿಗೆ ಹೇಳಿದೆ. ಹುಡುಗನ ಮುಖ ಬಾಡಿತು. ತಂದೆಯ ತುಂಬಿದ ಗಲ್ಲ ನೋಡಿದ, ಡಬ್ಬಿ ನೋಡಿದ, ತಂದೆಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಎರಡೇ ಶಬ್ದ. ದಿನಾ ಹೇಳುತ್ತಿದ್ದ ಅದೇ ಎರಡು ಶಬ್ದ, ಮುಲ್ಲಾ ಕೊಯ್ದಾನ ಎಂದು. ಅವು ನನಗೂ ಬಾಯಿಪಾಠವಾಗಿದ್ದವು, ತಂಗೆವ್ವನಿಗೂ ಆಗಿದ್ದವು. ಮುದುಕ ತಲೆಯಾಡಿಸಿ, ದೇವರ ಹೆಸರು ಹೇಳಿ, ಕೈ ಮುಂದೆ ಮಾಡಿದ.

ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಅವಳದೇನೂ ತಪ್ಪಿರಲಿಲ್ಲ. ಅವಳು ಹೇಳಬೇಕಾದ್ದನ್ನು ಹೇಳಿದ್ದಳು, ಮುಚ್ಚಿಟ್ಟ ಪಾಪ ಮಗನದು. ಹರಕೆಯೂ ಸಲ್ಲುತ್ತಿತ್ತು. ಆದರೆ ತಂಗೆವ್ವ ಎರಡೂ ಕೈಗಳನ್ನು ಡಬ್ಬಿಯ ಮೇಲೆ ಮುಚ್ಚಿದಳು.

"ಇಲ್ಲ, ಮುತ್ಯಾ," ಅಂದಳು.

ಆ ಒಂದು ಶಬ್ದವಂತೂ ಅವನಿಗೆ ಬರುತ್ತಿತ್ತು. ಅವಳ ಕೈ ನೋಡಿದ. ಆಮೇಲೆ ಮಗನನ್ನು ನೋಡಿದ. ಅಬ್ದಿ ತಲೆ ತಗ್ಗಿಸಿ ಎಲ್ಲ ಹೇಳಿದ. ಮುದುಕ ಕೂಗಾಡಲಿಲ್ಲ. ಕೈ ಹಿಂದೆ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಹೊರಗೆ ಅಂಗಳದಲ್ಲಿ ಅಬ್ದಿ ತಂಗೆವ್ವನ ಮೇಲೆ ಹರಿಹಾಯ್ದ. ನೀನು ಸುಮ್ಮನಿದ್ದರೆ ಏನಾಗುತ್ತಿತ್ತು ಮಾವಶಿ, ಪಾಪ ನನಗೆ ಬರುತ್ತಿತ್ತು, ನನಗೆ ಬಂದರೆ ಬರಲಿ, ಅಪ್ಪ ಬದುಕುತ್ತಿದ್ದ ಎಂದು ಅತ್ತ. ಅವಳು ಡಬ್ಬಿ ಎತ್ತಿಕೊಂಡು ನಡೆದಳು. ಖಾನಾವಳಿಗೆ ಬಂದು, ಕೈಕಾಲು ತೊಳೆದು, ಪೂರ್ವಕ್ಕೆ ಮುಖ ಮಾಡಿ ಕುಳಿತು, ಆ ಪಾಲನ್ನು ತಾನೇ ಉಂಡಳು. ದೇವರ ಪಾಲನ್ನು ಚೆಲ್ಲುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಉಳಿದರೆ ಹರಕೆ ಹೊತ್ತವರೇ ಉಣ್ಣಬೇಕು. ಮುತ್ಯಾನ ಹೆಸರು ಹೇಳಿ ಹೇಳಿ ಉಂಡಳು, ಅಳುತ್ತ ಉಂಡಳು. ಖಾನಾವಳಿಯ ಬಾಗಿಲು ಅರ್ಧ ತೆರೆದಿತ್ತು, ನನಗೆ ಎದುರಿಗೇ ಕಾಣುತ್ತಿತ್ತು. ಅಮಸಿದ್ದ ಹೊಸ್ತಿಲಲ್ಲಿ ಬೆನ್ನು ಮಾಡಿ ಕುಳಿತಿದ್ದ.

ಮುದುಕ ಮತ್ತೆ ಉಣ್ಣುವುದು ಬಿಟ್ಟ. ಅವಳ ಡಬ್ಬಿಯಷ್ಟೇ ಅಲ್ಲ, ಏನನ್ನೂ. ಮಗ ತಂದ ಹಾಲನ್ನೂ ಅನುಮಾನದಿಂದ ನೋಡುವನು. ಹಿಂದೆ ಉಂಡದ್ದೆಲ್ಲ ಏನಿತ್ತೋ ಎಂಬ ಸಂಶಯ ಹೊಕ್ಕಿತೆಂದು ಕಾಣುತ್ತದೆ. ಡಾಕ್ಟರು ಸಿಟ್ಟಾಗಿ ಆಪರೇಶನ್ ಮುಂದೆ ಹಾಕಿದರು. ಜ್ಯೋತೆಪ್ಪ ಬಂದು ತಂಗಿಗೆ ಬೈದ. ಬಾಬಾಲಾಲ, ನಾ ಹೇಳಿದ್ದೆನಲ್ಲ ಎಂದು ತಲೆ ಮೇಲೆ ಕೈ ಇಟ್ಟುಕೊಂಡ. ಖಾನಾವಳಿಗೆ ಬರುವವರೂ ಸುದ್ದಿ ತಿಳಿದು, ಈ ಹೆಂಗಸಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ ಎಂದರು. ಅವಳು ಒಲೆಯ ಮುಂದೆ ಕುಳಿತು, ಇಲ್ಲಿ ಒಬ್ಬಳ ಸತ್ಯ, ಅಲ್ಲಿ ಒಬ್ಬನ ಪ್ರಾಣ ಎಂದು ತನಗೆ ತಾನೇ ಅಂದುಕೊಳ್ಳುತ್ತಿದ್ದಳು. ನನಗೂ ಆ ದಿನಗಳಲ್ಲಿ ಊಟ ರುಚಿಸಲಿಲ್ಲ. ಪದ್ಮವ್ವ ತಟ್ಟೆ ನೋಡಿ, ನೀವೂ ಸೋಮಾಲಿ ಆದಿರೋ ಎಂದಳು, ಆದರೆ ನಗಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಅಬ್ದಿ ಅಂಗಡಿಗೆ ಬಂದು, ಅಪ್ಪ ಮಾವಶಿಯನ್ನು ಕರೆಯುತ್ತಿದ್ದಾನೆ ಎಂದ. ಬೈಯಲು ಕರೆಯುತ್ತಿದ್ದಾನೆಂದೇ ನಾವಿಬ್ಬರೂ ತಿಳಿದೆವು. ತಂಗೆವ್ವ ಬರಿಗೈಯಲ್ಲಿ ಬಂದು ಮಂಚದ ಹತ್ತಿರ ನೆಲದ ಮೇಲೆ ಕುಳಿತಳು. ಮುದುಕ ಮತ್ತೆ ಎಲುಬಾಗಿದ್ದ. ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಮಾತಾಡಿದ. ಅಬ್ದಿ ಹಿಂದಿಯಲ್ಲಿ ಹೇಳಿದ, ನಾನು ಕನ್ನಡದಲ್ಲಿ.

"ನನ್ನ ಮಗ ಈ ಊರುಗಳಲ್ಲಿ ಎಷ್ಟೋ ಬಾಗಿಲು ತಟ್ಟಿದ. ಎಲ್ಲರೂ ಇದೆ ಎಂದರು. ಕಡೆಗೆ ನನ್ನ ಮಗನೂ ನನಗೆ ಹೌದು ಎಂದ. ಇಲ್ಲ ಎಂದವಳು ಇವಳೊಬ್ಬಳೇ. ಇಲ್ಲ ಅನ್ನಲು ಬರುವವಳ ಹೌದನ್ನು ನಾನು ನಂಬುತ್ತೇನೆ. ಹೋಗಿ ಅಡುಗೆ ಮಾಡಲು ಹೇಳು."

 ತಂಗೆವ್ವ ಎದ್ದು ಒಲೆಯ ಕಡೆ ನಡೆದುಬಿಟ್ಟಳು. ಆ ಮಧ್ಯಾಹ್ನ ಡಬ್ಬಿ ಹೋಯಿತು. ಮುದುಕ ಪ್ರಶ್ನೆ ಕೇಳಲಿಲ್ಲ. ಆದರೂ ಅವಳೇ ಹೇಳಿದಳು, ಮುಲ್ಲಾ ಕೊಯ್ದಾನ, ನಮ್ಮ ಅಂಗಳದಾಗ, ದೇವರ ಮುಂದ ಅಲ್ಲ. ಅವನು ಉಂಡ.

ಕಳೆದುಕೊಂಡ ರಕ್ತ ಬರಲು ಬಹಳ ದಿನ ಹಿಡಿಯಿತು. ಆಪರೇಶನ್ ಆಯಿತು, ಕಲ್ಲು ಹೊರಬಂತು, ಗಾಯ ತಡವಾಗಿ ಮಾಯಿತು. ಮಳೆ ಹಿಡಿಯುವ ಮೊದಲು ಅಪ್ಪ ಮಗ ಮುಂಬೈಗೆ ಹೊರಟರು. ಅಮಸಿದ್ದ ತಾನು ನೇಯ್ದ ಕಂಬಳಿಯೊಂದನ್ನು ಮುದುಕನ ಹೆಗಲ ಮೇಲೆ ಹಾಕಿದ. ಆಪರೇಶನ್ ಆಯಿತಲ್ಲ, ಇನ್ನಾದರೂ ನಿಶ್ಚಿಂತೆಯಿಂದಿರು ಎಂದು ನಾನು ತಂಗೆವ್ವನಿಗೆ ಹೇಳಿದೆ. ಅವಳು ಪ್ಲಾಟ್‌ಫಾರಂ ಮೇಲೆ ನಿಂತು, ಪಾಲು ಅವರ ಹೊಟ್ಟಿಗೆ ಹೋಗಿಲ್ಲ ಜಿನಪ್ಪಣ್ಣಾ, ಎಂದಳು. ಗಾಡಿ ಹೋದ ಮೇಲೂ ಅಲ್ಲಿಯೇ ನಿಂತಿದ್ದಳು.

ಮುಂದಿನ ವರ್ಷ ಅವರ ದೇಶದಲ್ಲಿ ಯುದ್ಧ ಹತ್ತಿತೆಂದು ಪತ್ರಿಕೆಯಲ್ಲಿ ಬಂತು. ಅಬ್ದಿಯ ಸುದ್ದಿ ನಿಂತಿತು. ಆದರೆ ಖಾನಾವಳಿಗೆ ಸೋಮಾಲಿ ಹುಡುಗರು ಬರತೊಡಗಿದರು. ಪುಣೆಯಿಂದ, ಹೈದರಾಬಾದಿನಿಂದ, ಯಾರನ್ನೋ ಆಸ್ಪತ್ರೆಗೆ ಸೇರಿಸಲು ಬಂದವರು ರೈಲಿಳಿದು ಸೀದಾ ನಮ್ಮ ಗಲ್ಲಿಗೆ ಬರುವರು. ಸೈಕಲ್ ಅಂಗಡಿಯ ಎದುರಿಗೆ ಎಂಬುದು ಅವರಿಗೆ ತಿಳಿದಿದ್ದ ಗುರುತು. ಹೀಗೆ ನನಗೂ ಸಮುದ್ರದಾಚೆ ಹೆಸರಾಯಿತು. ಬಂದವರನ್ನೆಲ್ಲ ತಂಗೆವ್ವ ಮುತ್ಯಾನ ಬಗ್ಗೆ ಕೇಳುವಳು. ಯಾರಿಗೂ ಗೊತ್ತಿರಲಿಲ್ಲ. ಅವಳು ಒಳಗೊಳಗೇ ಕುಗ್ಗುವುದು ನನಗೆ ಕಾಣುತ್ತಿತ್ತು.

ಎಷ್ಟೋ ವರ್ಷ ಕಳೆದ ಮೇಲೆ ಫಾರಾಹ್ ಎಂಬ ತರುಣ ಬಂದ. ಅವನು ಬೇರೆಯವರಂತೆ ದಾರಿ ಕೇಳಲಿಲ್ಲ. ಖಾನಾವಳಿಯ ಬಾಗಿಲಲ್ಲಿ ನಿಂತು, ಇಲ್ಲ, ಎಂದು ಕರೆದ. ಆ ಹೆಸರು ಮುದುಕನ ಬಾಯಿಯಿಂದಲೇ ಬಂದಿರಬೇಕು. ತಂಗೆವ್ವ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ನನ್ನನ್ನು ಕೈಮಾಡಿ ಕರೆದಳು.

ಫಾರಾಹ್ ಕೀನ್ಯಾದ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಬೆಳೆದವ, ಈಗ ಪುಣೆಯಲ್ಲಿ ಓದುತ್ತ ಹಿಂದಿ ಕಲಿತಿದ್ದ. ಪಕ್ಕದ ಡೇರೆಯಲ್ಲಿ ವರ್ಸಮೆ ಇದ್ದ, ಹೆಗಲ ಮೇಲೆ ಕರಿ ಕಂಬಳಿ ಹೊದೆದುಕೊಂಡು. ಅಬ್ದಿ ದಾರಿಯಲ್ಲೇ ತೀರಿಕೊಂಡಿದ್ದ. ಧಾನ್ಯದ ಲಾರಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುದುಕ ತನ್ನ ಪಾಲನ್ನು ಪಕ್ಕದ ಮಕ್ಕಳಿಗೆ ಹಾಕಿಬಿಡುತ್ತಿದ್ದ. ನೀನು ಉಣ್ಣು ಎಂದರೆ, ನಾನು ಮಿರಜಿನಲ್ಲಿ ಉಂಡು ಬಂದವನು ಅನ್ನುತ್ತಿದ್ದ. ಹಾಗೆ ಅನ್ನುತ್ತಲೇ ಒಂದು ಬೇಸಿಗೆಯಲ್ಲಿ ಹೋದ. ಆ ಪಾಲು ತಿಂದು ಉಳಿದ ಮಕ್ಕಳಲ್ಲಿ ತಾನೂ ಒಬ್ಬ ಎಂದು ಫಾರಾಹ್ ಹೇಳಿದ.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಬೇಕಾಯಿತು. ಅರ್ಧ ಹೇಳೋಣ ಎನ್ನಿಸಿತು. ಅವಳ ಮುಂದೆ ಅದು ಆಗಲಿಲ್ಲ, ಪೂರ್ತಿ ಹೇಳಿದೆ.

ತಂಗೆವ್ವ ಗೋಡೆ ಹಿಡಿದು ಕುಳಿತಳು. "ಅವರ ಪಾಲು ಅವತ್ತ ನಾ ಉಂಡಿದ್ದೆ, ಜಿನಪ್ಪಣ್ಣಾ. ಅದಕ್ಕ ಅವರು ಹಸಗೊಂಡು ಹ್ವಾದ್ರು."

ಹಾಗಲ್ಲ ಎಂದೆ. ಯುದ್ಧ ಕೊಂದಿತು, ಬರ ಕೊಂದಿತು, ನಿನ್ನ ಒಲೆಯಿಂದ ಅವನು ಅಷ್ಟು ದಿನ ಹೆಚ್ಚಿಗೆ ಬದುಕಿದ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ತಾಟು ತೊಳೆದು, ಅಳಣಿಯಲ್ಲಿ ಬೆಂದ ಅನ್ನ ಹಾಕಿ, ಮಾಂಸ ಹಾಕಿ, ಪಕ್ಕಕ್ಕೆ ಬಾಳೆಹಣ್ಣು ಇಟ್ಟು, ಫಾರಾಹನ ಎದುರಿಗೆ ಕುಳಿತಳು. ಯಾರು ಕೊಯ್ದದ್ದು, ಎಲ್ಲಿ ಕೊಯ್ದದ್ದು ಎಂದು ಅವನು ಕೇಳುವ ಮೊದಲೇ ಹೇಳಿದಳು.

ಅವನು ಉಂಡ. ಅವಳು ಮತ್ತೆ ಬಡಿಸಿದಳು, ಮತ್ತೆ ಉಂಡ. ಮೂರನೆಯ ಸಲ ಸೌಟು ಎತ್ತಿದಾಗ ಅವನು ತಾಟಿಗೆ ಅಡ್ಡ ಕೈ ಹಿಡಿದು, ಬಸ್, ಮಾವಶಿ, ಸಾಕು ಎಂದ.

"ಇಲ್ಲ," ಅಂದಳು ತಂಗೆವ್ವ. ಅವನ ಕೈ ಸರಿಸಿ ಬಡಿಸಿದಳು.